ಇಪ್ಪತ್ತರ ಆಸುಪಾಸು

ಗುದೈಬಿಯಾದ ಗಲ್ಲಿಯಲ್ಲಿ ಯಾರೋ ಬಿಸಾಡಿದ ಫ್ರಿಜ್ಜು.
ಬಾಗಿಲಲ್ಲಿ ಇನ್ನೂ ಇತ್ತು
ಯಾವುದೋ ಮಗು ಅಂಟಿಸಿದ ಮಿಠಾಯಿ ಚೀಟಿ.
ಸಿಪ್ರಿಯನ್ ಕಾಲು ಹಿಡಿದ, ನಾನು ತಲೆ;
ಹೆಣ ಹೊತ್ತಂತೆ ಮೂರು ಮಹಡಿ ಹತ್ತಿದೆವು.
ಆಗಸ್ಟು. ಮನಾಮದಲ್ಲಿ ಗೋಡೆಗೂ ಬೆವರು.

ನನ್ನ ಕಸುಬು ತಂಪಿನ ರಿಪೇರಿ.
ಮೀನಿನ ಗೋದಾಮು, ಹೂವಿನಂಗಡಿ,
ಒಮ್ಮೆ ಶವಾಗಾರ,
ಎಲ್ಲ ಕಡೆ ಗ್ಯಾಸು ತುಂಬಿ ಬಂದವನು ನಾನು.
ಹದಿನಾಲ್ಕು ವರ್ಷದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು:
ಇನ್ನೂ ತಂಪು, ಇನ್ನೂ.
ಮೊದಲ ಸಲ ಒಬ್ಬ ಹೇಳಿದ:
ತಂಪು ಬೇಡ ಮಾರಾಯ,
ಹದ ಮಾಡಿ ಕೊಡು.

ಕ್ರಿಸ್‌ಮಸ್ಸಿಗೆ ಖರ್ಜೂರದ ವೈನು.
ಹೋದ ವರ್ಷ ಹಿಲ್ಡಾ ಎರಡು ಭರಣಿ ಇಟ್ಟಿದ್ದಳು.
ಪಾಲಿನ ಅಡುಗೆಮನೆಯ ಸೆಕೆಗೆ ಒಂದು
ಸೊಕ್ಕಿ ಉಕ್ಕಿ
ಉಗುರಿನ ಬಣ್ಣ ಒರೆಸುವ ನೀರಿನಂತೆ ನಾರಿತು.
ಎ.ಸಿ. ಕೋಣೆಯ ಮಂಚದಡಿಯಲ್ಲಿದ್ದದ್ದು
ಮಲಗಿದ್ದು ಏಳಲೇ ಇಲ್ಲ.
ಈ ಊರಲ್ಲಿ ನಡುವೆ ಅಂತ ಒಂದು ಹವೆ ಇಲ್ಲ,
ಅದನ್ನು ಪೆಟ್ಟಿಗೆಯೊಳಗೆ ಮಾಡಿಕೊಳ್ಳಬೇಕು.

ಹಳೆಯ ಥರ್ಮೋಸ್ಟಾಟ್ ಕಿತ್ತೆ.
ಅದು ಕಲಿತದ್ದು ಒಂದರಿಂದ ಏಳು;
ಏಳರಾಚೆ ಲೋಕವೇ ಇಲ್ಲ ಅದಕ್ಕೆ.
ಬೆಂಕಿಪೆಟ್ಟಿಗೆಯಷ್ಟು ಕಂಟ್ರೋಲರ್, ಕೆಂಪು ಅಂಕೆ.
ಇಪ್ಪತ್ತು ಎಂದು ಒತ್ತಿದೆ.
ಇಪ್ಪತ್ತೊಂದಾದರೆ ಕಂಪ್ರೆಸರ್ ಏಳಲಿ,
ಹತ್ತೊಂಬತ್ತಕ್ಕೆ ಮಲಗಲಿ,
ನಡುವೆ ಐದು ನಿಮಿಷ ಯಾರೂ ಕರೆಯಬಾರದು.
ನಿಂತವನನ್ನು ನಿಂತ ಕಾಲಲ್ಲೇ ಎಬ್ಬಿಸಿದರೆ
ಎದೆ ಒಡೆಯುತ್ತದೆ.
(ನಮ್ಮ ಫೋರ್‌ಮನ್ನಿಗೂ ಇಂಥದ್ದೊಂದು ಗುಂಡಿ ಇದ್ದರೆ.)

ಮೂರನೆಯ ರಾತ್ರಿ ಅಂಕೆ ಇಪ್ಪತ್ತೇ.
ಗುಳುಕ್ ಗುಳುಕ್ ಮಾತ್ರ
ಓಟಕ್ಕೆ ಬಿದ್ದವರ ಹಾಗೆ.
ಡ್ಯೂಟಿ ಮುಗಿಸಿ ಬಂದ ಹಿಲ್ಡಾ
ಭರಣಿಯ ಕೆನ್ನೆಗೆ ಅಂಗೈ ಇಟ್ಟಳು.
"ಇದಕ್ಕೆ ಜ್ವರ ಉಂಟು."
ಸೆನ್ಸರು ಎಲ್ಲಿದೆ ಎಂದು ಕೇಳಿದಳು.
ಗಾಳಿಯಲ್ಲಿ, ತಂತಿಗೆ ನೇತುಹಾಕಿದ್ದೆ.
"ಕೋಣೆಯ ಜ್ವರ ನೋಡಿ
ರೋಗಿಗೆ ಮದ್ದು ಕೊಡುವುದುಂಟಾ?"

ಕುದಿಯುವ ರಸ ತನ್ನ ಬಿಸಿಯನ್ನು ತಾನೇ ಹುಟ್ಟಿಸುತ್ತದೆ.
ಗೊತ್ತಿತ್ತು, ಮರೆತಿದ್ದೆ.
ಊರಲ್ಲಿ ಸೋದರಮಾವ ದೂಮಣ್ಣ
ಕಳ್ಳಿನ ಮಡಕೆಗೆ ಕಿವಿ ಕೊಟ್ಟು ಗಳಿಗೆ ಹೇಳುತ್ತಿದ್ದ:
ಬೆಳಗ್ಗೆ ಮಕ್ಕಳಿಗೆ, ಮಧ್ಯಾಹ್ನ ದೊಡ್ಡವರಿಗೆ,
ಸಂಜೆ ದಾಟಿದರೆ ಮೀನಿನ ಸಾರಿಗೆ.
ಅವನ ಕಿವಿ ಮುಟ್ಟುತ್ತಿದ್ದದ್ದು ಮಡಕೆಯನ್ನು,
ಮಡಕೆಯ ಸುತ್ತಲಿನ ಗಾಳಿಯನ್ನಲ್ಲ.

ಬ್ಯಾಂಡೇಜಿನ ಟೇಪಲ್ಲಿ ಅವಳೇ ಅಂಟಿಸಿದಳು,
ಮೇಲೆ ಹತ್ತಿ, ಹತ್ತಿಯ ಮೇಲೆ ಥರ್ಮಾಕೋಲು.
ಕೆಂಪು ಅಂಕೆ ನಾಚಿಕೆಯಿಲ್ಲದೆ
ಇಪ್ಪತ್ತಾರಕ್ಕೆ ಹಾರಿತು.
ಕಂಪ್ರೆಸರ್ ಎದ್ದು ಕೆಮ್ಮಿ ಕೆಲಸಕ್ಕೆ ಹೊರಟಿತು.

ಅಕ್ಟೋಬರಲ್ಲಿ ಹಿಲ್ಡಾಳ ಆಸ್ಪತ್ರೆ
ಕಾಗದ ಮುಂದುವರಿಸಲಿಲ್ಲ.
ಸಿಪ್ರಿಯನ್ನನ ಕಾಗದ ಅವಳ ಕಾಗದದ ಬೆನ್ನಿಗಿತ್ತು.
ಹೇಗಿದ್ದೀರಿ ಎಂದು ಕೇಳಿದೆ,
ಆರಾಮ ಎಂದರು ಇಬ್ಬರೂ.
ನಾನು ಅಳೆದದ್ದು ಮತ್ತೆ ಗಾಳಿಯನ್ನೇ.

ಏರ್‌ಪೋರ್ಟಿನ ಟ್ರಾಲಿ ತಳ್ಳುತ್ತಾ ಅವಳು ಹೇಳಿದ್ದು ಇಷ್ಟು:
"ಇನ್ನು ಇಳಿಸಿ. ಹನ್ನೆರಡಕ್ಕೆ.
ಒಮ್ಮೆಲೇ ಬೇಡ, ಬೆಚ್ಚಿ ಬೀಳುತ್ತದೆ.
ದಿನಕ್ಕೊಂದು ಡಿಗ್ರಿ."

ಹತ್ತೊಂಬತ್ತು. ಹದಿನೆಂಟು.
ಊಟ ಮಾಡಿ ತಟ್ಟೆ ತೊಳೆದು ಗುಂಡಿ ಒತ್ತುತ್ತಿದ್ದೆ.
ಹದಿನೈದಕ್ಕೆ ಗುಳುಕು ನಿಂತಿತು.
ನಿದ್ದೆ ಬರಲು ಒಂದು ವಾರ ಹಿಡಿಯಿತು, ನನಗೆ.

ಹನ್ನೆರಡಾದ ದಿನ ಕಲ್ಯಾಣಪುರದಿಂದ ಫೋನು.
ಹಿಂದೆ ಕೋಳಿ, ಸ್ಕೂಟರು, ಯಾರದೋ ಜಗಳ.
"ತಿಳಿಯಾಯಿತಾ?"
ಭರಣಿಯ ಹಿಂದೆ ಟಾರ್ಚು ಹಿಡಿದು
ಮಧ್ಯೆ ಅಂಗೈ ಬಿಚ್ಚಿದೆ.
ಜೇನಿನ ಬಣ್ಣದ ಆಚೆ
ನಾಲ್ಕು ಬೆರಳು ಕಂಡವು.
ಹೆಬ್ಬೆರಳು ಇನ್ನೂ ಮಸುಕು.

ಇನ್ನೊಂದು ವಾರ, ಅಂದೆ.